‘ಊರು ಬಂತು’ ಎನ್ನುವವರಿಗೆ ಸಾಪೇಕ್ಷತೆ ಏಕೆ ಕಷ್ಟವಾಗಬೇಕು?

ಯಾದಗಿರಿ: ಯಾದಗಿರಿಯಿಂದ ಹೊರಟ ಬಸ್ಸು ಹತ್ತಿಕುಣಿಯನ್ನು ಸಮೀಪಿಸಿದಾಗ ನಿರ್ವಾಹಕ ‘ಹತ್ತಿಕುಣಿ ಬಂತು, ಇಳೀರಿ’ ಎಂದು ಕೂಗುತ್ತಾನೆ. ಊರು ಇದ್ದಲ್ಲಿಯೇ ಇದೆ, ಬಂದಿರುವುದು ಬಸ್ಸು ಎಂದು ಯಾವ ಪ್ರಯಾಣಿಕನೂ ಅವನನ್ನು ತಿದ್ದುವುದಿಲ್ಲ. ಬಸ್ಸಿನೊಳಗೆ ಕುಳಿತವನ ಪಾಲಿಗೆ ಬಸ್ಸು ನಿಂತೇ ಇದೆ, ಊರೇ ಅವನತ್ತ ಬರುತ್ತದೆ. ಕನ್ನಡಿಗರು ದಿನನಿತ್ಯ ಆಡುವ ಈ ಮಾತಿನಲ್ಲಿ ಭೌತಶಾಸ್ತ್ರದ ಒಂದು ಮೂಲತತ್ವ ಅಡಗಿದೆ. ಒಂದು ವಸ್ತು ಚಲಿಸುತ್ತಿದೆಯೋ ಇಲ್ಲವೋ ಎಂಬುದು ನೋಡುವವನು ಎಲ್ಲಿದ್ದಾನೆ ಎಂಬುದನ್ನು ಅವಲಂಬಿಸಿದೆ ಎಂಬುದೇ ಆ ತತ್ವ.

ಇದೇ ಸಂಗತಿ ಬಿಎಸ್ಸಿ ತರಗತಿಯ ಕಪ್ಪು ಹಲಗೆಯ ಮೇಲೆ ‘ಫ್ರೇಮ್ ಆಫ್ ರೆಫರೆನ್ಸ್’ ಎಂಬ ಹೆಸರಿನಲ್ಲಿ, ಎರಡು ಅಕ್ಷರೇಖೆಗಳ ಚಿತ್ರದೊಂದಿಗೆ ಎದುರಾದಾಗ ಮಾತ್ರ ಅದೇ ಬಸ್ಸಿನಲ್ಲಿ ಬಂದ ವಿದ್ಯಾರ್ಥಿ ತಬ್ಬಿಬ್ಬಾಗುತ್ತಾನೆ. ಮುಂದೆ ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತದ ಪಾಠ ಬರುವ ಹೊತ್ತಿಗೆ ಅದು ಬುದ್ಧಿವಂತರಿಗೆ ಮೀಸಲಾದ ವಿಷಯ, ತನಗೆ ಹತ್ತು ಅಂಕದ ಉತ್ತರವಾಗಿ ಕಂಠಪಾಠ ಮಾಡಿದರೆ ಸಾಕು ಎಂಬ ತೀರ್ಮಾನಕ್ಕೆ ಬಂದಿರುತ್ತಾನೆ. ಈ ತೀರ್ಮಾನ ತಪ್ಪು. ಸಾಪೇಕ್ಷತೆ ಹೊಸ ಲೋಕವೇನಲ್ಲ. ಅದು ಮೆಕ್ಯಾನಿಕ್ಸ್‌ನ, ಅಂದರೆ ಚಲನೆ ಮತ್ತು ಬಲಗಳ ಶಾಸ್ತ್ರದ ಮೊದಲ ಪಾಠದ ಮುಂದುವರಿಕೆ. ಮೊದಲ ಪಾಠ ಸರಿಯಾಗಿ ದಕ್ಕಿದವನಿಗೆ ಎರಡನೆಯದನ್ನು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯದಿಂದಲೇ ತಲುಪಲು ಸಾಧ್ಯ.

ಪದಗಳ ತೊಡಕು

ಹತ್ತಿಕುಣಿಯಂತಹ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿ ಪಿಯುಸಿ ವಿಜ್ಞಾನಕ್ಕೆ ಸೇರಿದೊಡನೆ ಪಠ್ಯಪುಸ್ತಕದ ಭಾಷೆ ಬದಲಾಗುತ್ತದೆ. 2012-13ರಿಂದ ರಾಜ್ಯದ ಪಿಯು ವಿಜ್ಞಾನ ವಿಷಯಗಳಿಗೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದಿದೆ. ಪದವಿಯಲ್ಲಂತೂ ಪುಸ್ತಕ, ಪಾಠ, ಪರೀಕ್ಷೆ ಎಲ್ಲವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ. ಆದ್ದರಿಂದ ಇಂಗ್ಲಿಷೇ ಏಕೈಕ ಅಡ್ಡಿ ಎಂದು ಹಲವರು ಭಾವಿಸುತ್ತಾರೆ. ಇದು ಅರ್ಧಸತ್ಯ ಮಾತ್ರ.

ಶಾಲೆಯಲ್ಲಿ ಕಲಿತ ಕನ್ನಡ ಪಾರಿಭಾಷಿಕ ಪದಗಳನ್ನೇ ಗಮನಿಸಿ. ‘ಜವ’ ಎಂದರೆ ಎಷ್ಟು ಬೇಗ ಎಂಬುದು ಮಾತ್ರ, ‘ವೇಗ’ ಎಂದರೆ ಎಷ್ಟು ಬೇಗ ಮತ್ತು ಯಾವ ದಿಕ್ಕಿಗೆ ಎಂಬುದು. ಆದರೆ ಆಡುಮಾತಿನಲ್ಲಿ ಎರಡಕ್ಕೂ ವೇಗವೆಂದೇ ಹೇಳುತ್ತೇವೆ. ‘ವೇಗೋತ್ಕರ್ಷ’ ಎಂಬ ಪದವಂತೂ ತನ್ನ ಅರ್ಥವನ್ನು ತಾನೇ ಹೇಳುವಂತಿದೆ. ಉತ್ಕರ್ಷವೆಂದರೆ ಏರಿಕೆ. ಹೀಗಾಗಿ ವೇಗ ಹೆಚ್ಚಿದರೆ ಮಾತ್ರ ವೇಗೋತ್ಕರ್ಷವೆಂದು ವಿದ್ಯಾರ್ಥಿ ನಂಬುತ್ತಾನೆ. ಒಂದೇ ಜವದಲ್ಲಿ ವೃತ್ತಾಕಾರವಾಗಿ ಸುತ್ತುವ ಕಲ್ಲಿಗೂ ವೇಗೋತ್ಕರ್ಷ ಇದೆ ಎಂದರೆ ಅವನಿಗೆ ಒಪ್ಪಿಗೆಯಾಗುವುದಿಲ್ಲ. ಜವ ಬದಲಾಗದಿದ್ದರೂ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತಿದೆ, ಆ ಬದಲಾವಣೆಯೇ ವೇಗೋತ್ಕರ್ಷ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ‘ತೂಕ’ದ ಕಥೆಯೂ ಅದೇ. ಸಂತೆಯಲ್ಲಿ ಕಿಲೋ ಲೆಕ್ಕದಲ್ಲಿ ಅಳೆಯುವುದನ್ನು ತೂಕವೆನ್ನುತ್ತೇವೆ. ಭೌತಶಾಸ್ತ್ರದಲ್ಲಿ ಕಿಲೋ ದ್ರವ್ಯರಾಶಿಯ ಅಳತೆ, ತೂಕವೆಂಬುದು ಭೂಮಿ ಅದನ್ನು ಎಳೆಯುವ ಬಲ.

‘ಸಾಪೇಕ್ಷ’ ಎಂಬುದು ಮಾತ್ರ ಬಹಳ ಒಳ್ಳೆಯ ಪದ. ಅಪೇಕ್ಷೆಯಿಂದ ಕೂಡಿದ್ದು, ಅಂದರೆ ಇನ್ನೊಂದನ್ನು ಅವಲಂಬಿಸಿ ನಿಂತದ್ದು ಎಂಬ ಅರ್ಥ ಅದರಲ್ಲಿಯೇ ಇದೆ. ‘ಎಲ್ಲವೂ ಸಾಪೇಕ್ಷ, ಯಾವುದೂ ನಿಜವಲ್ಲ’ ಎಂಬ ಚಹಾದಂಗಡಿ ವೇದಾಂತಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಯಾರು ನೋಡಿದರೂ ಬದಲಾಗದಿರುವುದು ಯಾವುದು ಎಂಬುದರ ಹುಡುಕಾಟವೇ ಆ ಸಿದ್ಧಾಂತ.

ಭಾಷೆಯ ಮಾತು ಬಂದಾಗ ಈ ಭಾಗದ ಒಂದು ಇತಿಹಾಸವನ್ನು ಮರೆಯುವಂತಿಲ್ಲ. 1948ರವರೆಗೆ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭೌತಶಾಸ್ತ್ರವನ್ನೂ ಉರ್ದು ಭಾಷೆಯಲ್ಲಿಯೇ ಬೋಧಿಸಿತು. ಅದಕ್ಕಾಗಿಯೇ ಅನುವಾದ ವಿಭಾಗವೊಂದನ್ನು ಕಟ್ಟಿ ವಿಜ್ಞಾನದ ಪಠ್ಯಗಳನ್ನು ಭಾಷಾಂತರಿಸಲಾಯಿತು. ಭಾರತೀಯ ಭಾಷೆಯೊಂದರಲ್ಲಿ ವಿಶ್ವವಿದ್ಯಾಲಯ ಮಟ್ಟದ ಬಲವಿಜ್ಞಾನವನ್ನು ಕಲಿಸಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ಭಾಷೆ ಇಲ್ಲಿನ ಹಳ್ಳಿಗಳ ಮನೆಮಾತಾಗಿರಲಿಲ್ಲ. ಅತ್ತ ಮೈಸೂರು ಸಂಸ್ಥಾನದಲ್ಲಿ, ಅದೇ 1918ರಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಕನ್ನಡದಲ್ಲಿ ಒಂದು ಕಡೆ, ಕಾಲೇಜಿನ ಪಾಠ ಇನ್ನೊಂದು ಕಡೆ ಎಂಬ ಈ ಅಗಲಿಕೆ ಇಂದಿಗೂ ಮುಂದುವರಿದಿದೆ.

ಮೇಲೆಸೆದ ನಾಣ್ಯ, ಕವಣೆಯ ಕಲ್ಲು

ಬಲವಿಜ್ಞಾನದಲ್ಲಿ ಎಡವುವವರು ಕೇವಲ ಹಳ್ಳಿಯ ವಿದ್ಯಾರ್ಥಿಗಳಲ್ಲ ಎಂಬುದು ಜಗತ್ತಿನಾದ್ಯಂತ ಕಂಡುಬಂದಿರುವ ಸಂಗತಿ. ಒಂದು ಸರಳ ಪ್ರಶ್ನೆ: ನೇರವಾಗಿ ಮೇಲಕ್ಕೆಸೆದ ನಾಣ್ಯ ಕೈಬಿಟ್ಟ ಮೇಲೆ ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ? ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ‘ಕೈ ಕೊಟ್ಟ ಬಲ ಮೇಲ್ಮುಖವಾಗಿ, ಭೂಮಿಯ ಸೆಳೆತ ಕೆಳಮುಖವಾಗಿ’ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ನ್ಯೂಟನ್ ನಿಯಮಗಳನ್ನು ತಡೆಯಿಲ್ಲದೆ ಒಪ್ಪಿಸುವವರೂ ಹೀಗೆಯೇ ಹೇಳುತ್ತಾರೆ. ಸರಿಯುತ್ತರ: ಕೆಳಮುಖವಾದ ಸೆಳೆತವೊಂದೇ. ಕೈ ಕೊಟ್ಟದ್ದು ವೇಗ. ಬಲ ಕೈಯೊಂದಿಗೇ ಉಳಿಯಿತು. ನಾಣ್ಯ ಮೇಲೇರುವುದು ಬಲದಿಂದಲ್ಲ, ಜಡತ್ವದಿಂದ.

ಚಲನೆ ಇರಬೇಕಾದರೆ ಬಲವಿರಲೇಬೇಕು ಎಂಬುದು ಎತ್ತಿನ ಬಂಡಿ ಕಲಿಸುವ ಪಾಠ. ಎತ್ತು ನಿಂತರೆ ಬಂಡಿ ನಿಲ್ಲುತ್ತದೆ. ಅನುಭವ ಸುಳ್ಳಲ್ಲ, ಆದರೆ ಬಂಡಿಯನ್ನು ನಿಲ್ಲಿಸುವುದು ಬಲದ ಅಭಾವವಲ್ಲ, ಗಾಲಿಯ ಹಾಗೂ ಮಣ್ಣಿನ ಘರ್ಷಣೆ. 1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ಇಂತಹ ತಪ್ಪು ಗ್ರಹಿಕೆಗಳನ್ನು ಪತ್ತೆಹಚ್ಚಲೆಂದೇ ಲೆಕ್ಕವಿಲ್ಲದ ಬಹು ಆಯ್ಕೆಯ ಪ್ರಶ್ನೆಗಳ ಒಂದು ಪರೀಕ್ಷೆಯನ್ನು ರೂಪಿಸಿದರು. 1998ರಲ್ಲಿ ರಿಚರ್ಡ್ ಹೇಕ್ ಎಂಬುವರು ಇಂತಹ ಪರೀಕ್ಷೆಗಳನ್ನು ಬರೆದ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶವನ್ನು ಹೋಲಿಸಿದಾಗ, ಬರೀ ಉಪನ್ಯಾಸ ಕೇಳಿದವರಿಗಿಂತ ತರಗತಿಯಲ್ಲಿ ಪ್ರಶ್ನಿಸುತ್ತ, ಚರ್ಚಿಸುತ್ತ ಕಲಿತವರ ಪ್ರಗತಿ ಸರಾಸರಿ ಎರಡು ಪಟ್ಟು ಇದ್ದುದು ಕಂಡುಬಂತು. ಉಪನ್ಯಾಸಕರ ಜಾಣ್ಮೆಗಿಂತ ವಿದ್ಯಾರ್ಥಿ ಬಾಯಿಬಿಟ್ಟನೇ ಎಂಬುದು ಮುಖ್ಯವಾಯಿತು ಎನ್ನಲಡ್ಡಿಯಿಲ್ಲ.

ಹಾಗೆ ನೋಡಿದರೆ ಈ ಸೀಮೆಯ ವಿದ್ಯಾರ್ಥಿಯ ಬಳಿ ಪ್ರಯೋಗಾಲಯಕ್ಕೇನೂ ಕೊರತೆಯಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೋಡಿದವನು ಅವನು. ಕವಣೆಯ ಕಲ್ಲು ಬಿಟ್ಟ ಕ್ಷಣದಲ್ಲಿ ಎತ್ತ ಹೋಗುತ್ತದೆ? ಕೇಂದ್ರದಿಂದ ನೇರ ಹೊರಕ್ಕೆ ಹೋಗುವುದಿಲ್ಲ. ಆ ಕ್ಷಣದಲ್ಲಿ ಅದು ಯಾವ ದಿಕ್ಕಿಗೆ ಸಾಗುತ್ತಿತ್ತೋ ಅತ್ತ, ಅಂದರೆ ವೃತ್ತಕ್ಕೆ ಸ್ಪರ್ಶಕವಾಗಿ ಹೋಗುತ್ತದೆ. ಹಕ್ಕಿಯತ್ತ ಗುರಿಯಿಟ್ಟವನ ಕೈಗೆ ಈ ವಿಷಯ ಗೊತ್ತು, ಇಲ್ಲವಾದರೆ ಗುರಿ ತಪ್ಪುತ್ತದೆ. ಹೊರಕ್ಕೆ ಎಳೆಯುವ ಬಲವೊಂದಿದೆ ಎಂಬ ಭಾವನೆ ಹುಟ್ಟುವುದು ಸುತ್ತುತ್ತಿರುವ ವಸ್ತುವಿನೊಳಗೆ ನಿಂತು ಯೋಚಿಸಿದಾಗ. ತಿರುವಿನಲ್ಲಿ ಬಸ್ಸು ಹೊರಳಿದಾಗ ನಾವು ಪಕ್ಕದವರ ಮೇಲೆ ಬೀಳುವುದು, ಹಠಾತ್ ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುವುದು ಇದೇ ಬಗೆಯವು. ರಸ್ತೆಬದಿಯಲ್ಲಿ ನಿಂತವನು ಹೇಳುವುದಿಷ್ಟೆ: ಬಸ್ಸು ನಿಧಾನವಾಯಿತು, ಪ್ರಯಾಣಿಕ ಹಿಂದಿನ ವೇಗದಲ್ಲಿಯೇ ಮುಂದುವರಿದ. ಬಸ್ಸಿನೊಳಗಿನವನು ತನ್ನನ್ನು ಯಾರೋ ನೂಕಿದರು ಎನ್ನುತ್ತಾನೆ. ನೂಕಿದವರು ಯಾರೂ ಇಲ್ಲದ ಈ ಬಲಕ್ಕೆ ಮಿಥ್ಯಾಬಲವೆಂದು ಹೆಸರು.

ಸಮವೇಗದಲ್ಲಿ ಸಾಗುವ ಚೌಕಟ್ಟು ಬೇರೆ, ವೇಗ ಬದಲಾಗುವ ಚೌಕಟ್ಟು ಬೇರೆ. ಈ ಭೇದ ತಿಳಿದರೆ ಅರ್ಧ ಬಲವಿಜ್ಞಾನ ಕಲಿತಂತೆ. ಗೆಲಿಲಿಯೊ 1632ರ ತಮ್ಮ ಗ್ರಂಥದಲ್ಲಿ ಹಡಗಿನ ಮುಚ್ಚಿದ ಕೋಣೆಯೊಂದನ್ನು ಕಲ್ಪಿಸಿಕೊಂಡಿದ್ದರು. ಹಡಗು ಸಮವೇಗದಲ್ಲಿ ಸಾಗುತ್ತಿದ್ದರೆ ಒಳಗೆ ಹಾರುವ ಚಿಟ್ಟೆಗಳನ್ನು, ತೊಟ್ಟಿಕ್ಕುವ ನೀರನ್ನು ಎಷ್ಟು ನೋಡಿದರೂ ಹಡಗು ನಿಂತಿದೆಯೋ ಚಲಿಸುತ್ತಿದೆಯೋ ಹೇಳಲಾಗದು ಎಂಬುದು ಅವರ ವಾದ. ಸಾಪೇಕ್ಷತೆಯ ಮೊದಲ ರೂಪವಿದು, ಐನ್‌ಸ್ಟೈನ್ ಹುಟ್ಟುವುದಕ್ಕೆ ಸುಮಾರು ಎರಡೂವರೆ ಶತಮಾನ ಮೊದಲಿನದು.

ಭೀಮೆಯಲ್ಲಿ ಈಜುವವನ ಲೆಕ್ಕ

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಓದುಗರು ಗಾಬರಿಯಾಗಬೇಕಿಲ್ಲ, ಕೂಡಿಸುವ ಮತ್ತು ಭಾಗಿಸುವ ಲೆಕ್ಕವಷ್ಟೆ.

ಯಾದಗಿರಿಯ ಪಕ್ಕದಲ್ಲಿ ಹರಿಯುವ ಭೀಮಾ ನದಿಯನ್ನು ನೆನೆಯಿರಿ. ನದಿಯ ಅಗಲ 400 ಮೀಟರ್, ಪ್ರವಾಹ ನಿಮಿಷಕ್ಕೆ 30 ಮೀಟರ್, ನಿಂತ ನೀರಿನಲ್ಲಿ ಈಜುಗಾರನ ಜವ ನಿಮಿಷಕ್ಕೆ 50 ಮೀಟರ್ ಎಂದು ಊಹಿಸಿಕೊಳ್ಳಿ. ಒಬ್ಬನು ಪ್ರವಾಹದ ಗುಂಟ 400 ಮೀಟರ್ ಕೆಳಗೆ ಹೋಗಿ ಮರಳಬೇಕು. ಹೋಗುವಾಗ ಜವ 80, ಐದು ನಿಮಿಷ. ಬರುವಾಗ ಜವ ಕೇವಲ 20, ಇಪ್ಪತ್ತು ನಿಮಿಷ. ಒಟ್ಟು 25 ನಿಮಿಷ. ಇನ್ನೊಬ್ಬನು ಎದುರು ದಡಕ್ಕೆ ನೇರವಾಗಿ ಹೋಗಿ ಮರಳಬೇಕು. ಅವನು ನೀರಿನ ಸೆಳೆತಕ್ಕೆ ಎದುರಾಗಿ ತುಸು ಓರೆಯಾಗಿ ಈಜಬೇಕಾಗುತ್ತದೆ, ಹರಿಗೋಲಿನವರೂ ಮಾಡುವುದು ಹೀಗೆಯೇ. ಅವನ ಐವತ್ತರಲ್ಲಿ ಮೂವತ್ತು ಪ್ರವಾಹವನ್ನು ತಡೆಯಲು ಖರ್ಚಾದರೆ ದಾಟಲು ಉಳಿಯುವುದು ನಲವತ್ತು, ಇಪ್ಪತ್ತಲ್ಲ. ಏಕೆಂದರೆ ಈ ಮೂರೂ ಲಂಬಕೋನ ತ್ರಿಭುಜದ ಭುಜಗಳು. ಮನೆಯ ಪಾಯ ಹಾಕುವಾಗ ಮೂಲೆ ನೇರವಿದೆಯೇ ಎಂದು ನೋಡಲು ಗೌಂಡಿಗಳು ಹಗ್ಗ ಹಿಡಿದು ಅಳೆಯುವ ಮೂರು-ನಾಲ್ಕು-ಐದರ ತ್ರಿಭುಜವೇ ಇದು. ನಲವತ್ತರ ಜವದಲ್ಲಿ ಹೋಗಿ ಬರಲು 20 ನಿಮಿಷ.

ಒಂದೇ ದೂರ, ಒಂದೇ ಶಕ್ತಿಯ ಈಜುಗಾರರು. ಆದರೂ ಒಬ್ಬನಿಗೆ 25, ಇನ್ನೊಬ್ಬನಿಗೆ 20 ನಿಮಿಷ. ಇವರಿಬ್ಬರ ಕಾಲದ ವ್ಯತ್ಯಾಸದಿಂದಲೇ ನದಿ ಎಷ್ಟು ಜೋರಾಗಿ ಹರಿಯುತ್ತಿದೆ ಎಂದು ದಡದಲ್ಲಿ ಕುಳಿತು ಕಂಡುಹಿಡಿಯಬಹುದು.

ಆಲ್ಬರ್ಟ್ ಮೈಕಲ್ಸನ್ ಮತ್ತು ಎಡ್ವರ್ಡ್ ಮಾರ್ಲಿ 1887ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ ಮಾಡಿದ್ದು ಈ ಪ್ರಯೋಗವನ್ನೇ. ಅವರ ಈಜುಗಾರರು ಬೆಳಕಿನ ಎರಡು ಕಿರಣಗಳು. ಬೆಳಕಿನ ಅಲೆಗಳನ್ನು ಹೊರಲು ಈಥರ್ ಎಂಬ ಮಾಧ್ಯಮವೊಂದು ಎಲ್ಲೆಡೆ ತುಂಬಿದೆ, ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಜವದಲ್ಲಿ ಓಡುವ ಭೂಮಿಯ ಮೇಲಿರುವವರಿಗೆ ಅದು ಪ್ರವಾಹದಂತೆ ಹರಿಯಬೇಕು ಎಂದು ಆ ಕಾಲದ ಭೌತವಿಜ್ಞಾನಿಗಳು ನಂಬಿದ್ದರು. ಬೆಳಕಿನ ಜವ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್. ಆದ್ದರಿಂದ ನಿರೀಕ್ಷಿತ ವ್ಯತ್ಯಾಸ ಅತ್ಯಲ್ಪ. ಆದರೂ ಅವರ ಉಪಕರಣ ಅದನ್ನು ಹಿಡಿಯುವಷ್ಟು ಸೂಕ್ಷ್ಮವಾಗಿತ್ತು. ಫಲಿತಾಂಶ ಮಾತ್ರ ವಿಚಿತ್ರ. ಇಬ್ಬರು ಈಜುಗಾರರೂ ಒಟ್ಟಿಗೇ ಬಂದರು!

ಇದನ್ನು ಅರಗಿಸಿಕೊಳ್ಳಲು ಐರ್ಲೆಂಡಿನ ಫಿಟ್ಜ್‌ಜೆರಾಲ್ಡ್ 1889ರಲ್ಲಿ, ಹಾಲೆಂಡಿನ ಲೊರೆಂಟ್ಸ್ 1892ರಲ್ಲಿ ಒಂದು ಉಪಾಯ ಸೂಚಿಸಿದರು. ಚಲನೆಯ ದಿಕ್ಕಿನಲ್ಲಿ ವಸ್ತುಗಳ ಉದ್ದವೇ ಕುಗ್ಗುತ್ತದೆ ಎಂಬುದೇ ಆ ಉಪಾಯ. ನಮ್ಮ ಲೆಕ್ಕದಲ್ಲಿ ಪ್ರವಾಹದ ಗುಂಟ ಇರುವ 400 ಮೀಟರ್ ಐದರಲ್ಲಿ ನಾಲ್ಕು ಪಾಲಿಗೆ, ಅಂದರೆ 320 ಮೀಟರಿಗೆ ಕುಗ್ಗಿತೆಂದು ಭಾವಿಸಿ. ಹೋಗಲು 4, ಬರಲು 16, ಒಟ್ಟು 20 ನಿಮಿಷ. ಲೆಕ್ಕ ತಾಳೆಯಾಯಿತು. ಆದರೆ ಏಕೆ ಕುಗ್ಗಬೇಕು?

ಐದು ಮತ್ತು ನಾಲ್ಕು

1905ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿಯಲ್ಲಿದ್ದ 26ರ ಹರೆಯದ ಆಲ್ಬರ್ಟ್ ಐನ್‌ಸ್ಟೈನ್ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಅವರು ಇಟ್ಟುಕೊಂಡ ಆಧಾರಗಳು ಎರಡೇ. ಸಮವೇಗದಲ್ಲಿ ಸಾಗುವ ಎಲ್ಲ ಚೌಕಟ್ಟುಗಳಲ್ಲೂ ಭೌತನಿಯಮಗಳು ಒಂದೇ. ಇದು ಗೆಲಿಲಿಯೊ ಹಡಗಿನ ಮಾತನ್ನೇ ಬೆಳಕಿಗೂ ವಿಸ್ತರಿಸಿದ್ದು. ಎರಡನೆಯದು, ಬೆಳಕಿನ ಮೂಲ ಓಡುತ್ತಿರಲಿ ನಿಂತಿರಲಿ, ನಿರ್ವಾತದಲ್ಲಿ ಬೆಳಕಿನ ಜವ ಎಲ್ಲರಿಗೂ ಒಂದೇ. ಇವೆರಡನ್ನೂ ಒಪ್ಪಿದರೆ ಈಥರ್ ಬೇಕಾಗಿಲ್ಲ. ಆದರೆ ಕಾಲ ಎಲ್ಲರಿಗೂ ಒಂದೇ ಎಂಬ ನಂಬಿಕೆಯನ್ನು ಬಿಡಬೇಕಾಗುತ್ತದೆ.

ಹೇಗೆಂದು ನೋಡೋಣ. ರೈಲಿನ ಬೋಗಿಯಲ್ಲಿ ನೆಲದ ಮೇಲೊಂದು, ಛಾವಣಿಯಲ್ಲೊಂದು ಕನ್ನಡಿ. ನಡುವೆ ಬೆಳಕಿನ ಒಂದು ತುಣುಕು ಮೇಲೆ ಕೆಳಗೆ ಪುಟಿಯುತ್ತಿದೆ. ಒಮ್ಮೆ ಏರಿದರೆ ಒಂದು ಎಣಿಕೆ. ಇದೇ ನಮ್ಮ ಗಡಿಯಾರ. ಈ ರೈಲು ಬೆಳಕಿನ ಜವದ ಐದರಲ್ಲಿ ಮೂರು ಪಾಲು ಜವದಲ್ಲಿ ಯಾದಗಿರಿ ನಿಲ್ದಾಣವನ್ನು ದಾಟುತ್ತಿದೆ ಎನ್ನೋಣ (ರೈಲ್ವೆ ಇಲಾಖೆ ಕ್ಷಮಿಸಲಿ). ಒಳಗಿದ್ದವನಿಗೆ ಬೆಳಕು ನೇರ ಮೇಲೇರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಅದು ಓರೆಯಾಗಿ ಸಾಗುತ್ತದೆ, ಏಕೆಂದರೆ ಬೆಳಕು ಛಾವಣಿ ಮುಟ್ಟುವಷ್ಟರಲ್ಲಿ ರೈಲು ಮುಂದೆ ಹೋಗಿರುತ್ತದೆ. ಅವನ ಲೆಕ್ಕದಲ್ಲಿ ಬೆಳಕು ಓರೆದಾರಿಯಲ್ಲಿ ಐದು ಅಳತೆ ಸಾಗುವಾಗ ರೈಲು ಮೂರು ಅಳತೆ ಸಾಗಿತು. ಹಾಗಾದರೆ ಬೋಗಿಯ ಎತ್ತರ ನಾಲ್ಕು. ಮತ್ತೆ ಗೌಂಡಿಯ ಹಗ್ಗವೇ ಬಂತು! ಬೆಳಕಿನ ಜವ ಇಬ್ಬರಿಗೂ ಒಂದೇ ಆದ್ದರಿಂದ ಪ್ಲಾಟ್‌ಫಾರ್ಮಿನವನಿಗೆ ಐದು ಮಾತ್ರೆ ಕಾಲ ಕಳೆದಾಗ ರೈಲಿನೊಳಗಿನ ಗಡಿಯಾರದಲ್ಲಿ ಕಳೆದದ್ದು ನಾಲ್ಕು ಮಾತ್ರೆ.

ಕಾಲ ಹಿಗ್ಗುತ್ತದೆ ಎಂಬ ಭಯಂಕರ ಮಾತಿನ ಹಿಂದಿರುವ ಗಣಿತ ಇಷ್ಟೆ. ಭೀಮೆಯ ಈಜುಗಾರರ 25 ಮತ್ತು 20ರಲ್ಲಿದ್ದ ಐದು-ನಾಲ್ಕರ ಅನುಪಾತವೇ ಇಲ್ಲಿಯೂ ಬಂದಿದ್ದು ಕಾಕತಾಳೀಯವಲ್ಲ, ಎರಡರ ಹಿಂದಿರುವ ತ್ರಿಭುಜ ಒಂದೇ. ಮೂರು-ನಾಲ್ಕು-ಐದರ ಜಾಗದಲ್ಲಿ ಅಕ್ಷರಗಳನ್ನು ಇಟ್ಟರೆ ಪಠ್ಯಪುಸ್ತಕದಲ್ಲಿ ವಿದ್ಯಾರ್ಥಿಯನ್ನು ಹೆದರಿಸುವ ವರ್ಗಮೂಲದ ಸೂತ್ರ ಸಿಗುತ್ತದೆ. ನಿಜವಾದ ರೈಲುಗಳಲ್ಲಿ ಇದು ಏಕೆ ಗೊತ್ತಾಗುವುದಿಲ್ಲ ಎಂದು ಕೇಳುವವರಿಗೆ ಇನ್ನೊಂದು ಲೆಕ್ಕ: ಗಂಟೆಗೆ 100 ಕಿಲೋಮೀಟರ್ ಜವದಲ್ಲಿ ಒಂದು ವರ್ಷ ಬಿಡದೆ ಓಡಿದ ರೈಲಿನ ಗಡಿಯಾರ ಈ ಕಾರಣದಿಂದ ಹಿಂದೆ ಬೀಳುವುದು ಒಂದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಏಳನೆಯ ಒಂದರಷ್ಟು.

ನಿಜವಾಗಿ ಎಡವುವುದು ಎಲ್ಲಿ?

ಕಾಲ ಹಿಗ್ಗುವುದು, ಉದ್ದ ಕುಗ್ಗುವುದು ಇವೆರಡನ್ನೂ ವಿದ್ಯಾರ್ಥಿಗಳು ಹೇಗೋ ನುಂಗಿಕೊಳ್ಳುತ್ತಾರೆ. ನುಂಗಲಾಗದ್ದು ‘ಏಕಕಾಲಿಕತೆ’, ಅಂದರೆ ಎರಡು ಘಟನೆಗಳು ಒಂದೇ ಹೊತ್ತಿಗೆ ನಡೆದವು ಎಂಬ ಮಾತು. ಬೋಗಿಯ ನಟ್ಟನಡುವೆ ನಿಂತ ಗಾರ್ಡ್ ಒಂದು ದೀಪ ಹೊತ್ತಿಸುತ್ತಾನೆ. ಅವನ ಪಾಲಿಗೆ ಬೆಳಕು ಮುಂದಿನ ಗೋಡೆಯನ್ನೂ ಹಿಂದಿನ ಗೋಡೆಯನ್ನೂ ಒಂದೇ ಕ್ಷಣದಲ್ಲಿ ಮುಟ್ಟುತ್ತದೆ. ಪ್ಲಾಟ್‌ಫಾರ್ಮಿನವನಿಗಾದರೋ ಹಿಂದಿನ ಗೋಡೆ ಬೆಳಕಿಗೆ ಎದುರಾಗಿ ಬರುತ್ತಿದೆ, ಮುಂದಿನ ಗೋಡೆ ಬೆಳಕಿನಿಂದ ದೂರ ಓಡುತ್ತಿದೆ. ಹಾಗಾಗಿ ಹಿಂದಿನದು ಮೊದಲು, ಮುಂದಿನದು ಅನಂತರ. ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ರೇಚಲ್ ಶೆರ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಪೇಕ್ಷತೆಯ ಪಾಠ ಮುಗಿದ ಮೇಲೂ ಬಹಳಷ್ಟು ವಿದ್ಯಾರ್ಥಿಗಳು ಏಕಕಾಲಿಕತೆಯನ್ನು ಎಲ್ಲರಿಗೂ ಒಂದೇ ಎಂದು ನಂಬಿರುವುದು ಕಂಡುಬಂತು. ವ್ಯತ್ಯಾಸ ಕಾಣುವುದು ಬೆಳಕು ಕಣ್ಣಿಗೆ ತಲುಪಲು ತಡವಾಗುವುದರಿಂದ, ‘ನಿಜವಾಗಿ’ ಎರಡೂ ಒಟ್ಟಿಗೇ ನಡೆದಿವೆ ಎಂದು ಅವರು ವಿವರಿಸುತ್ತಿದ್ದರು. ಸಾಪೇಕ್ಷತೆ ಹೇಳುವುದು ಅದನ್ನಲ್ಲ. ಬೆಳಕು ತಲುಪಲು ತೆಗೆದುಕೊಂಡ ಕಾಲವನ್ನು ಕಳೆದು ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಉಳಿಯುತ್ತದೆ.

ನಮ್ಮ ಕಡೆ ಇನ್ನೊಂದು ಗೊಂದಲಕ್ಕೂ ಅವಕಾಶವಿದೆ. ಮುಂಬೈ ಮತ್ತು ಮದ್ರಾಸುಗಳ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು, ಯಾದಗಿರಿ ನಿಲ್ದಾಣ ಇದೇ ಮಾರ್ಗದಲ್ಲಿದೆ. ಆಗಿನ ರೈಲುಗಳು ಮದ್ರಾಸಿನ ವೇಳೆಯನ್ನು ಅನುಸರಿಸುತ್ತಿದ್ದವು. ಅದು ಯಾದಗಿರಿಯ ಸೂರ್ಯನಿಗಿಂತ ಸುಮಾರು 12 ನಿಮಿಷ ಮುಂದು. 1906ರ ಜನವರಿ 1ರಂದು ಭಾರತೀಯ ಪ್ರಮಾಣ ವೇಳೆ ಬಂದ ಮೇಲೆ ಈ ಅಂತರ ಸರಾಸರಿ 21 ನಿಮಿಷವನ್ನು ಮೀರಿತು, ಇಂದಿಗೂ ಇಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದಲ್ಲಿ ಹನ್ನೆರಡು ಹೊಡೆದು ಅಷ್ಟು ಹೊತ್ತಾದ ಮೇಲೆಯೇ. ‘ಕಾಲ ಸಾಪೇಕ್ಷ’ ಎಂದಾಗ ಕೆಲವರು ಇದನ್ನೇ ಉದಾಹರಣೆ ಕೊಡುತ್ತಾರೆ. ಇದು ಮುಳ್ಳುಗಳನ್ನು ಎಲ್ಲಿ ಇಡಬೇಕೆಂಬ ಒಪ್ಪಂದ ಮಾತ್ರ. ಐನ್‌ಸ್ಟೈನ್ ಹೇಳಿದ್ದು ಯಾವ ಒಪ್ಪಂದದಿಂದಲೂ ಸರಿಪಡಿಸಲಾಗದ ವ್ಯತ್ಯಾಸವನ್ನು. 500 ಮೀಟರ್ ಉದ್ದದ ರೈಲು ಗಂಟೆಗೆ 100 ಕಿಲೋಮೀಟರ್ ಜವದಲ್ಲಿ ಸಾಗುವಾಗ ಅದರ ಎರಡು ತುದಿಗಳ ನಡುವೆ ಆ ವ್ಯತ್ಯಾಸ ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿ ಪಾಲಿನಲ್ಲಿ ಒಂದೂವರೆ ಪಾಲಿನಷ್ಟು. ಸಣ್ಣದು, ಸೊನ್ನೆಯಲ್ಲ.

ಕೋಲಾರದ ಸಾಕ್ಷಿ

ಇಷ್ಟೆಲ್ಲ ಕಾಗದದ ಲೆಕ್ಕವೇ ಎಂದು ಕೇಳುವ ಹಕ್ಕು ವಿದ್ಯಾರ್ಥಿಗಿದೆ. ಉತ್ತರ ಪ್ರತಿ ಕ್ಷಣವೂ ನಮ್ಮ ಮೈಯನ್ನು ಹಾದು ಹೋಗುತ್ತಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಭಾಗಕ್ಕೆ ಬಡಿದಾಗ ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತವೆ. ಇವುಗಳ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಪಾಲು. ಅಷ್ಟರಲ್ಲಿ ಬೆಳಕೇ ಆದರೂ ಸಾಗಬಲ್ಲದ್ದು ಸುಮಾರು 660 ಮೀಟರ್. ಹುಟ್ಟುವುದಾದರೋ ನೆಲದಿಂದ ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ. ಹಾಗಾದರೆ ಅವು ನೆಲ ಮುಟ್ಟುವುದು ಹೇಗೆ? ಅವುಗಳ ಗಡಿಯಾರ ನಮಗೆ ನಿಧಾನವಾಗಿ ಕಾಣುವುದರಿಂದ. ಕಾಲ ಇಪ್ಪತ್ತು ಪಟ್ಟು ಹಿಗ್ಗಿದ ಮ್ಯುಯಾನ್ ಸರಾಸರಿ 13 ಕಿಲೋಮೀಟರ್ ಸಾಗಬಲ್ಲದು. ಮ್ಯುಯಾನ್ ದೃಷ್ಟಿಯಿಂದ ನೋಡಿದರೆ ಅದರ ಆಯುಷ್ಯ ಮೊದಲಿನಷ್ಟೇ ಇದೆ, ಕುಗ್ಗಿರುವುದು ವಾಯುಮಂಡಲದ ದಪ್ಪ. ‘ಊರು ಬಂತು’ ಎಂಬ ಪ್ರಯಾಣಿಕನ ಮಾತೇ ಇದು, ಊರಿನ ದಾರಿಯೂ ಗಿಡ್ಡವಾಗಿದೆ ಅಷ್ಟೆ.

1941ರಲ್ಲಿ ಬ್ರೂನೊ ರೋಸಿ ಮತ್ತು ಡೇವಿಡ್ ಹಾಲ್ ಅಮೆರಿಕದ ಕೊಲರಾಡೊದಲ್ಲಿ ಇದನ್ನು ಅಳೆದರು. 1963ರಲ್ಲಿ ಫ್ರಿಶ್ ಮತ್ತು ಸ್ಮಿತ್ ಸುಮಾರು 1,900 ಮೀಟರ್ ಎತ್ತರದ ಬೆಟ್ಟದ ಮೇಲೆ ಗಂಟೆಗೆ 560ರಷ್ಟು ಮ್ಯುಯಾನ್‌ಗಳನ್ನು ಎಣಿಸಿದರು. ಕಾಲ ಹಿಗ್ಗದಿದ್ದರೆ ಸಮುದ್ರಮಟ್ಟದಲ್ಲಿ ಮೂವತ್ತಕ್ಕಿಂತ ಕಡಿಮೆ ಸಿಗಬೇಕಿತ್ತು, ಸಿಕ್ಕಿದ್ದು 400ಕ್ಕೂ ಹೆಚ್ಚು.

ಕರ್ನಾಟಕಕ್ಕೂ ಈ ಕಣಗಳಿಗೂ ಹಳೆಯ ನಂಟು. ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ (1925–2019) 1951ರಲ್ಲಿ ಕೋಲಾರ ಚಿನ್ನದ ಗಣಿಗಳಿಗೆ ಇಳಿದು, ಆಳಕ್ಕೆ ಹೋದಂತೆ ಮ್ಯುಯಾನ್‌ಗಳ ಸಂಖ್ಯೆ ಹೇಗೆ ಕಡಿಮೆಯಾಗುತ್ತದೆ ಎಂದು ಅಳೆಯತೊಡಗಿದರು. ಕಲ್ಲಿನ ದಪ್ಪವನ್ನು ತೂರಿ ಅಷ್ಟು ಆಳಕ್ಕೆ ಇಳಿಯುವುದು ಅತಿ ಹೆಚ್ಚು ಶಕ್ತಿಯ ಮ್ಯುಯಾನ್‌ಗಳು ಮಾತ್ರ. ಈ ಕೆಲಸವೇ ಮುಂದೆ ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದ ಪ್ರಯೋಗಾಲಯವಾಗಿ ಬೆಳೆದು, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಕುರುಹನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದ ತಂಡಗಳಲ್ಲಿ ಒಂದಕ್ಕೆ ನೆಲೆಯಾಯಿತು. ಗಣಿಗಳು 2001ರಲ್ಲಿ ಮುಚ್ಚಿದವು. ಮ್ಯುಯಾನ್ ಪಾಠ ಮಾಡುವ ನಮ್ಮ ಕಾಲೇಜುಗಳಲ್ಲಿ ಕೊಲರಾಡೊ ಬಂದಷ್ಟು ಸಲ ಕೋಲಾರ ಬರುವುದಿಲ್ಲ ಎಂಬುದು ಬೇಸರದ ಸಂಗತಿ.

ದಿನಬಳಕೆಯ ಉದಾಹರಣೆಯೂ ಇದೆ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಚಲನೆಯ ಕಾರಣದಿಂದ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತವೆ, ಭೂಮಿಯ ಗುರುತ್ವ ಅಲ್ಲಿ ಕಡಿಮೆ ಇರುವುದರಿಂದ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ. ಉಳಿಯುವ 38 ಮೈಕ್ರೊಸೆಕೆಂಡನ್ನು ಸರಿಪಡಿಸದಿದ್ದರೆ ದಿನಕ್ಕೆ ಸುಮಾರು 11 ಕಿಲೋಮೀಟರಿನಷ್ಟು ದೋಷ ಸೇರುತ್ತ ಹೋಗುತ್ತದೆ.

ಪುಸ್ತಕ ಯಾವುದು?

ಬಲವಿಜ್ಞಾನ ಮತ್ತು ಸಾಪೇಕ್ಷತೆಯನ್ನು ಒಂದೇ ಎಳೆಯಾಗಿ ಕಲಿಸುವ ಪರಿಪಾಠ ಹೊಸದಲ್ಲ. 1965ರ ಬರ್ಕ್ಲಿ ಭೌತಶಾಸ್ತ್ರ ಮಾಲೆಯ ಮೊದಲ ಸಂಪುಟವೂ, 1973ರಲ್ಲಿ ಕ್ಲೆಪ್ನರ್ ಮತ್ತು ಕೊಲೆಂಕೋವ್ ಬರೆದ ಪುಸ್ತಕವೂ ಬಲವಿಜ್ಞಾನದಿಂದ ಆರಂಭಿಸಿ ಸಾಪೇಕ್ಷತೆಯಲ್ಲಿ ಮುಗಿಯುತ್ತವೆ. ನಮ್ಮಲ್ಲಿ ಪಠ್ಯಕ್ರಮ ಪದೇ ಪದೇ ಬದಲಾಗುತ್ತದೆ. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಕೈಬಿಟ್ಟು 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾದಗಿರಿ ಜಿಲ್ಲೆಯ ಕಾಲೇಜುಗಳೋ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರಿನ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದವು. ಈ ಎಲ್ಲ ಸ್ಥಳಾಂತರಗಳ ನಡುವೆ ಹಳೆಯ ಗೈಡ್ ಪುಸ್ತಕಗಳು ಮಾತ್ರ ಅಲುಗಾಡಿಲ್ಲ.

ಅಂತಹ ಪುಸ್ತಕಗಳಲ್ಲಿ ಇನ್ನೂ ಉಳಿದಿರುವ ಒಂದು ಮಾತು, ವೇಗ ಹೆಚ್ಚಿದಂತೆ ವಸ್ತುವಿನ ದ್ರವ್ಯರಾಶಿ ಹೆಚ್ಚುತ್ತದೆ ಎಂಬುದು. ಇಂದಿನ ಬಹುತೇಕ ಭೌತವಿಜ್ಞಾನಿಗಳು ದ್ರವ್ಯರಾಶಿ ಬದಲಾಗುವುದಿಲ್ಲ, ಹೆಚ್ಚುವುದು ಶಕ್ತಿ ಮತ್ತು ಸಂವೇಗ ಎಂದೇ ಕಲಿಸುತ್ತಾರೆ. 1948ರಲ್ಲಿ ಲಿಂಕನ್ ಬಾರ್ನೆಟ್ ಅವರಿಗೆ ಬರೆದ ಪತ್ರದಲ್ಲಿ ಸ್ವತಃ ಐನ್‌ಸ್ಟೈನ್ ಅವರೇ ಚಲಿಸುವ ವಸ್ತುವಿನ ದ್ರವ್ಯರಾಶಿ ಎಂಬ ಪರಿಕಲ್ಪನೆಯನ್ನು ತರದಿರುವುದು ಲೇಸು ಎಂದು ಅಭಿಪ್ರಾಯಪಟ್ಟಿದ್ದರು. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂಬ ಪ್ರಶ್ನೆ ಬಂದರೆ ವಿದ್ಯಾರ್ಥಿಯು ಎರಡನ್ನೂ ತಿಳಿದಿರುವುದು ಕ್ಷೇಮ.

ಪುಸ್ತಕವಿಲ್ಲದೆ ಕಲಿತವರ ನಿದರ್ಶನವೂ ನಮ್ಮ ದೇಶದಲ್ಲಿಯೇ ಇದೆ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಹಾ, ಇನ್ನೂ ಮೂವತ್ತು ತುಂಬದ ಉಪನ್ಯಾಸಕರು, ಸಾಪೇಕ್ಷತೆಯ ಮೂಲ ಜರ್ಮನ್ ಪ್ರಬಂಧಗಳನ್ನು ತಾವೇ ಓದಿ ಇಂಗ್ಲಿಷಿಗೆ ಅನುವಾದಿಸಿದರು. ಪಿ.ಸಿ. ಮಹಾಲನೋಬಿಸ್ ಅವರ ಪೀಠಿಕೆಯೊಂದಿಗೆ ಆ ಪುಸ್ತಕವನ್ನು 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಕಲಿಸಬೇಕಾಗಿ ಬಂದುದರಿಂದಲೇ ಅವರು ಕಲಿತರು, ಕಲಿತದ್ದನ್ನು ತಮ್ಮ ವಿದ್ಯಾರ್ಥಿಗಳಿಗೆ ಓದಲು ಬರುವ ಭಾಷೆಗೆ ತಂದರು.

ಕನ್ನಡದಲ್ಲಿ ಈ ಕೆಲಸ ಅರ್ಧದಷ್ಟು ಆಗಿದೆ. ಐನ್‌ಸ್ಟೈನ್ ಅವರ ಬದುಕು ಮತ್ತು ವಿಚಾರಗಳನ್ನು ಜಿ.ಟಿ. ನಾರಾಯಣ ರಾವ್ (1926–2008) ಅವರಂತಹವರು ಸಾಮಾನ್ಯ ಓದುಗರಿಗೆ ತಲುಪಿಸಿದರು, ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ಪರಿಭಾಷೆಗೆ ಅಡಿಪಾಯ ಹಾಕಿತು. ವಿವರಿಸುವ ಗದ್ಯ ನಮ್ಮಲ್ಲಿದೆ, ಲೆಕ್ಕ ಬಿಡಿಸುವ ಪುಸ್ತಕದ ಕೊರತೆ ಕಾಡುತ್ತಿದೆ. ಬಲವಿಜ್ಞಾನವನ್ನು ಓದಿ ಕಲಿಯಲಾಗುವುದಿಲ್ಲ, ಲೆಕ್ಕ ಮಾಡಿಯೇ ಕಲಿಯಬೇಕು. ಪದವಿ ಮೊದಲ ವರ್ಷದ ನೂರು ಲೆಕ್ಕಗಳನ್ನು ಆರಿಸಿ, ಪ್ರತಿಯೊಂದಕ್ಕೂ ಚಿತ್ರ ಬರೆದು, ಯಾವ ಚೌಕಟ್ಟಿನಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಮೊದಲ ಸಾಲಿನಲ್ಲಿಯೇ ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲಿ ಜೊತೆಗಿಟ್ಟು ಬಿಡಿಸಿದ ಪುಸ್ತಕವೊಂದು ಬಂದರೆ ಯಾದಗಿರಿಯ ಕಾಲೇಜಿನಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತವನಿಗೂ ಅದು ಉಪಯೋಗವಾಗುತ್ತದೆ. ಅದಕ್ಕೆ ಬೇಕಾಗಿರುವುದು ಒಂದಿಬ್ಬರು ಉಪನ್ಯಾಸಕರು ಮತ್ತು ಒಂದು ಬೇಸಿಗೆ ರಜೆ. ಅಲ್ಲಿಯವರೆಗೆ, ಈ ಲೇಖನದ ಈಜುಗಾರರಿಗೆ ಪ್ರವಾಹ ನಿಮಿಷಕ್ಕೆ 30ರ ಬದಲು 40 ಮೀಟರ್ ಇದ್ದರೆ ಎರಡು ಕಾಲಗಳೂ ಎಷ್ಟಾಗುತ್ತವೆ ಎಂದು ಕಾಗದದ ಮೇಲೆ ಹಾಕಿ ನೋಡಬಹುದು. ತ್ರಿಭುಜ ಅದೇ, ಮೂರು ಮತ್ತು ನಾಲ್ಕು ಜಾಗ ಬದಲಿಸಿಕೊಂಡಿರುತ್ತವೆ.